ಮೈಲೇಜ್ ಕೇಳುವ ಮೊದಲು ಪ್ರೆಷರ್ ಕೇಳಿ: ದಾವಣಗೆರೆಯಲ್ಲಿ ಮೂರು ವರ್ಷ ದಾಟಿದ ಸಿಎನ್‌ಜಿ ಕಾರು

ಸಿಎನ್‌ಜಿ ಕಾರು ತಗೊಳ್ಳೋ ಯೋಚನೆಯಲ್ಲಿರುವವರೆಲ್ಲ ನನ್ನನ್ನು ಕೇಳುವುದು ಒಂದೇ: ಕೆಜಿಗೆ ಎಷ್ಟು ಕೊಡುತ್ತೆ? ಚೆನ್ನಾಗೇ ಕೊಡುತ್ತೆ. ಹೈವೇಯಲ್ಲಿ 80ರ ಒಳಗೆ ಓಡಿಸಿದರೆ 27 ಕಿಲೋಮೀಟರ್‌ಗೆ ಮೋಸವಿಲ್ಲ. ಆದರೆ ನಮ್ಮ ಕಡೆ ಮೊದಲು ಕೇಳಬೇಕಾದದ್ದು ಬೇರೆ. ನಿಮ್ಮ ಮನೆ ಹತ್ತಿರದ ಬಂಕಿನಲ್ಲಿ ಗ್ಯಾಸಿನ ಪ್ರೆಷರ್ ಎಷ್ಟಿರುತ್ತೆ, ಯಾವ ಹೊತ್ತಿನಲ್ಲಿ ಇರುತ್ತೆ? ಶೋರೂಮಿನಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಕಾರಿನ ಕಂಪನಿ ಹೆಸರು ಇಲ್ಲಿ ಬೇಡ, ಯಾವ ಕಂಪನಿಯದಾದರೂ ಬಂಕಿನಲ್ಲಿ ನಿಲ್ಲುವುದು ಒಂದೇ ಸಾಲಿನಲ್ಲಿ.

ನಾನು ದಾವಣಗೆರೆ ಚೌಕಿಪೇಟೆಯ ಹೋಲ್‌ಸೇಲ್ ಬಟ್ಟೆ ಅಂಗಡಿಗಳಿಗೆ ಊರೂರು ಸುತ್ತಿ ಆರ್ಡರ್ ಹಿಡಿದು ಕೊಡುವವನು. ಚಿತ್ರದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಹಿರಿಯೂರು ನನ್ನ ಲೈನು. ಸಂಬಳ ಇಲ್ಲ, ಕಮಿಷನ್. ಗಾಡಿ, ಎಣ್ಣೆ ಎಲ್ಲ ನನ್ನದೇ. 2021ರ ಜೂನ್‌ನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. ಲಾಕ್‌ಡೌನ್ ತೆರವಾಗಿದ್ದರೂ ಅಂಗಡಿಯವರ ಕೈಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ. ಹತ್ತು ಡಜನ್ ಬರೆಸುತ್ತಿದ್ದ ಸಾಹುಕಾರರು "ನಾಲ್ಕು ಕಳಿಸ್ರಿ, ಹೋದ್ರೆ ಮುಂದಿನ ಸಲ ನೋಡೋಣ" ಅನ್ನತೊಡಗಿದರು. ಆರ್ಡರ್ ಅರ್ಧಕ್ಕೆ ಇಳಿಯಿತು ಅಂತ ಚಳ್ಳಕೆರೆಯ ದಾರಿ ಅರ್ಧಕ್ಕೆ ಇಳಿಯುತ್ತದೆಯೇ? ವ್ಯಾಪಾರ ಬಿದ್ದಾಗ ನಮ್ಮಂಥವರನ್ನು ಕೊಲ್ಲುವುದು ಇದೇ. ಅಂಗಡಿಯವನು ಮಾಲು ತರಿಸುವುದನ್ನು ನಿಲ್ಲಿಸಬಹುದು, ನಾವು ಓಡಾಡುವುದನ್ನು ನಿಲ್ಲಿಸಿದರೆ ಇರುವ ನಾಲ್ಕು ಡಜನ್ನೂ ಹೋಗುತ್ತದೆ.

ಪೆಟ್ರೋಲ್ ದರದ ವಿಷಯದಲ್ಲಿ ಇವತ್ತಿಗೂ ನನ್ನ ಸಿಟ್ಟು ಇಳಿದಿಲ್ಲ. 2020ರಲ್ಲಿ ಜಗತ್ತಿನಲ್ಲೆಲ್ಲ ಕಚ್ಚಾ ತೈಲ ನೆಲಕಚ್ಚಿದಾಗ ಬಂಕಿನಲ್ಲಿ ದರ ಇಳಿಯಲಿಲ್ಲ. ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಬಕಾರಿ ಸುಂಕವನ್ನು ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಏರಿಸಿ ಆ ಲಾಭವನ್ನು ತಾನೇ ಇಟ್ಟುಕೊಂಡಿತು. ತೈಲ ಮತ್ತೆ ಏರಿದಾಗ ಮಾತ್ರ ಪೂರ್ತಿ ಹೊರೆ ನಮ್ಮ ಮೇಲೆ ಬಿತ್ತು. 2021ರ ನವೆಂಬರ್‌ನಲ್ಲೂ 2022ರ ಮೇನಲ್ಲೂ ಸುಂಕ ಇಳಿಸಿದರು, ನಿಜ. ಆದರೆ 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆಯನ್ನು 25.92ರಿಂದ 29.84 ಪರ್ಸೆಂಟಿಗೆ ಏರಿಸಿ ಲೀಟರಿಗೆ ಮೂರು ರೂಪಾಯಿ ಮತ್ತೆ ಕಿತ್ತುಕೊಂಡಿತು. ಅದಕ್ಕೂ ಹಿಂದಿನ ವರ್ಷವೇ ಮಳೆ ಕೈಕೊಟ್ಟಿತ್ತು. ತೋಟ ಉಳಿಸಿಕೊಳ್ಳಲು ಟ್ಯಾಂಕರ್ ನೀರಿಗೆ ದುಡ್ಡು ಸುರಿದ ಅಡಿಕೆ ಬೆಳೆಗಾರ ಹಬ್ಬಕ್ಕೆ ಬಟ್ಟೆ ಎಲ್ಲಿಂದ ತಂದಾನು? ಅಂಥ ಹೊತ್ತಿನಲ್ಲಿ ಏರಿಸಿದ್ದು.

ಹೀಗಾಗಿ 2022ರ ಶುರುವಿನಲ್ಲಿ ಕಂಪನಿ ಫಿಟ್ಟಿಂಗ್ ಸಿಎನ್‌ಜಿ ಇರುವ ಸಣ್ಣ ಕಾರು ತಂದೆ. ಇದೇ ಕಾರಿನ ಪೆಟ್ರೋಲ್ ಮಾಡೆಲ್‌ಗಿಂತ ಲಕ್ಷದ ಹತ್ತಿರ ಹೆಚ್ಚು. ಪೆಟ್ರೋಲ್‌ನಲ್ಲಿ ಓಡಿಸಿದರೆ ಕಿಲೋಮೀಟರಿಗೆ ಐದೂವರೆ ರೂಪಾಯಿ, ಗ್ಯಾಸಿನಲ್ಲಿ ಮೂರು ಚಿಲ್ಲರೆ. ಆ ವ್ಯತ್ಯಾಸದಲ್ಲಿ ಹೆಚ್ಚಿಗೆ ಕೊಟ್ಟ ದುಡ್ಡು ವಾಪಸ್ ಬರಲು ಸುಮಾರು 40 ಸಾವಿರ ಕಿಲೋಮೀಟರ್ ಓಡಬೇಕು. ನನ್ನ ಓಡಾಟಕ್ಕೆ ಅದು ಬೇಗನೆ ಮುಗಿಯಿತು. ಆದರೆ ಗ್ಯಾಸ್ ಅಂದರೆ ಏರದ ದರ ಅಂತ ಯಾರೂ ತಿಳಿಯಬೇಡಿ. ಕಾರು ತಂದ ವರ್ಷವೇ ದೇಶದ ಹಳೇ ಬಾವಿಗಳ ಗ್ಯಾಸಿಗೆ ಸರ್ಕಾರ ಕಟ್ಟುವ ದರ ಏಪ್ರಿಲ್‌ನಲ್ಲಿ ಯೂನಿಟ್ಟಿಗೆ (ಎಂಎಂಬಿಟಿಯು ಅನ್ನುವ ಗ್ಯಾಸಿನ ಅಳತೆ) 2.90 ಡಾಲರ್‌ನಿಂದ 6.10ಕ್ಕೆ, ಅಕ್ಟೋಬರ್‌ನಲ್ಲಿ 8.57ಕ್ಕೆ ಹೋಯಿತು, ಬಂಕಿನ ಬೋರ್ಡೂ ಏರುತ್ತ ಹೋಯಿತು. 2023ರ ಏಪ್ರಿಲ್‌ನಲ್ಲಿ 6.50 ಡಾಲರ್ ಮಿತಿ ಹಾಕಿದ ಮೇಲೆ ಸ್ವಲ್ಪ ಉಸಿರಾಡಿದೆವು. ಆ ದರವನ್ನೂ ಈಗ ಕಚ್ಚಾ ತೈಲಕ್ಕೇ ಕಟ್ಟಿದ್ದಾರೆ.

ಇನ್ನು ಪ್ರೆಷರ್ ಪುರಾಣ. ಗ್ಯಾಸ್ ಪೈಪಿನಲ್ಲಿ ಬರದ ಬಂಕುಗಳಿಗೆ ಲಾರಿ ಮೇಲೆ ಸಿಲಿಂಡರ್ ಸಾಲು ಹೊತ್ತು ತರುತ್ತಾರೆ, ಅದಕ್ಕೆ ಕ್ಯಾಸ್ಕೇಡ್ ಅನ್ನುತ್ತಾರೆ. ತುಂಬಿದ ಡ್ರಮ್ಮಿನಿಂದ ಕೊಡಕ್ಕೆ ಪೈಪ್ ಬಿಟ್ಟರೆ ಎರಡರ ನೀರು ಸಮವಾದಾಗ ಹರಿವು ನಿಲ್ಲುವಂತೆ, ಲಾರಿಯಲ್ಲಿ ಒತ್ತಡ ಕುಸಿದಂತೆ ನಮ್ಮ ಸಿಲಿಂಡರ್ ಅರ್ಧಕ್ಕೇ ನಿಲ್ಲುತ್ತದೆ. 200 ಬಾರ್ (ಪ್ರೆಷರ್ ಅಳೆಯುವ ಲೆಕ್ಕ) ತುಂಬಿದರೆ ನನ್ನ ಕಾರಿಗೆ ಎಂಟು ಕೆಜಿ ಮೇಲೆ ಹಿಡಿಯುತ್ತೆ. 120ಕ್ಕೆ ನಿಂತರೆ ಐದೇ ಕೆಜಿ. ಅದರಲ್ಲಿ ಚಳ್ಳಕೆರೆಗೆ ಹೋಗಿ ವಾಪಸ್ ದಾವಣಗೆರೆ ಮುಟ್ಟಲು ಆಗಲ್ಲ. ಮಧ್ಯಾಹ್ನ ದುರ್ಗದಲ್ಲಿ ಹಾಕಿಸೋಣ ಅಂದರೆ ಅಲ್ಲೂ ಆಟೋಗಳ ಸಾಲು. ಬಿಸಿಲಿನಲ್ಲಿ ನಿಂತು ಸರದಿ ಬಂದಾಗ ಬಂಕಿನ ಹುಡುಗ ಡಿಸ್ಪೆನ್ಸರ್ ಮೇಲೆ ಕೈಯಿಟ್ಟು "ಅಣ್ಣಾ, ನೂರಾ ಹತ್ತೇ ಐತಿ. ಹಾಕ್ಲೋ, ಗಾಡಿ ಬರೋವರ್ಗೂ ಕಾಯ್ತೀರೋ?" ಅಂತಾನೆ. ಲಾರಿ ಯಾವಾಗ ಬರುತ್ತೆ ಅಂದರೆ ಅವನಿಗೂ ಗೊತ್ತಿಲ್ಲ. ಉಳಿಸಿದ ದುಡ್ಡನ್ನು ಹೀಗೆ ಹೊತ್ತಿನಲ್ಲಿ ಕೊಡುತ್ತೇವೆ. ಒಂದು ತಾಸು ಬಂಕಿನಲ್ಲಿ ಹೋದರೆ ನನಗೆ ಎರಡು ಅಂಗಡಿ ತಪ್ಪುತ್ತದೆ.

ಒಂದು ಹಂತದಲ್ಲಿ ಮಾರಿಬಿಡೋಣ ಅನ್ನಿಸಿದ್ದುಂಟು. ಆಗ ಕೈಹಿಡಿದವರು ಆಟೋದವರು. ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹಿರಿಯರೊಬ್ಬರು "ಹೊತ್ತೇರಿದ ಮ್ಯಾಲೆ ಯಾಕ್ ಬರ್ತೀರಿ? ರಾತ್ರಿ ಲೋಡ್ ಇಳಿಸಿರ್ತಾರ, ಕೋಳಿ ಕೂಗೋ ಹೊತ್ತಿಗೆ ಬರ್ರಿ" ಅಂದರು. ಅಂದಿನಿಂದ ಅದೇ ಅಭ್ಯಾಸ. ಬೆಳಗಿನ ಐದಕ್ಕೆ ಪಿ.ಬಿ. ರೋಡ್ ಖಾಲಿ. ಕಾರು ಆಫ್ ಮಾಡಿ ಕೆಳಗಿಳಿಯುತ್ತೇನೆ, ಗ್ಯಾಸ್ ಹಾಕುವಾಗ ಒಳಗೆ ಯಾರೂ ಕೂರುವಂತಿಲ್ಲ. ಹುಡುಗ ನಾಜಲ್ ಸಿಕ್ಕಿಸಿ ವಾಲ್ವ್ ತಿರುಗಿಸುತ್ತಾನೆ, ಮೊದಲು ಜೋರು ಶಬ್ದ, ಆಮೇಲೆ ತೆಳ್ಳಗಾಗುತ್ತ ಬರುತ್ತದೆ, ಮುಳ್ಳು 150, 180 ದಾಟಿ 200ಕ್ಕೆ ಬಂದು ನಿಲ್ಲುತ್ತದೆ. ನಾಜಲ್ ಬಿಚ್ಚುವಾಗ ಒಂದು 'ಟುಸ್'. ಆ ಮುಳ್ಳು ಪೂರ್ತಿ ಏರುವುದನ್ನು ನೋಡುವ ಖುಷಿ ಪೆಟ್ರೋಲ್ ಗಾಡಿಯವರಿಗೆ ಹೇಳಿದರೆ ಅರ್ಥವಾಗಲಿಕ್ಕಿಲ್ಲ. ತಂಪು ಹೊತ್ತಿನಲ್ಲಿ ಇನ್ನೊಂದು ಲಾಭವೂ ಇದೆ: ಗ್ಯಾಸ್ ಬಿಸಿಯಾಗಿದ್ದರೆ ಮುಳ್ಳು 200 ತೋರಿಸಿದರೂ ತೂಕ ಕಮ್ಮಿ ಕೂರುತ್ತದೆ. ಬಂಕಿನ ಪಕ್ಕದ ತಳ್ಳುಗಾಡಿಯಲ್ಲಿ ಅರ್ಧ ಚಾ ಕುಡಿಯುತ್ತ ಆಟೋದವರ ಜೊತೆ ನಿಂತರೆ ಯಾವ ಬಂಕಿಗೆ ಲೋಡ್ ಬಂತು, ಎಲ್ಲಿ ಮಷೀನ್ ಕೆಟ್ಟಿದೆ, ಎಲ್ಲ ಸುದ್ದಿ ಸಿಗುತ್ತದೆ. ಈಗ ಅವರೇ ಫೋನ್ ಮಾಡಿ ಹೇಳುತ್ತಾರೆ. ಬೆಳಕು ಹರಿಯುವಷ್ಟರಲ್ಲಿ ಆನಗೋಡು ದಾಟಿರುತ್ತೇನೆ, ದುರ್ಗದಲ್ಲಿ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮೊದಲ ಗಿರಾಕಿ ನಾನೇ.

ಡಿಕ್ಕಿಯನ್ನು ಸಿಲಿಂಡರ್ ನುಂಗಿದೆ. ಸ್ಯಾಂಪಲ್ ಗಂಟುಗಳೆಲ್ಲ ಹಿಂದಿನ ಸೀಟಿನಲ್ಲಿ, ಹಬ್ಬಕ್ಕೆ ಊರಿಗೆ ಹೊರಟರೆ ಹಿಂದಿನ ರಾತ್ರಿಯೇ ಅವನ್ನೆಲ್ಲ ಮನೆಯೊಳಗೆ ಹೊತ್ತು ಹಾಕಬೇಕು. ಪಿಕಪ್ ಸ್ವಲ್ಪ ಮಂಕು, ಎಸಿ ಹಾಕಿ ಲಾರಿ ಹಿಂದಿಕ್ಕುವಾಗ ಗೊತ್ತಾಗುತ್ತೆ. ಒಂಟಿಯಾಗಿ ಓಡಾಡುವವರಿಗೆ ಇದೇನೂ ದೊಡ್ಡದಲ್ಲ.

ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಬಿಚ್ಚಿಸಿ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ತಡೆಯುತ್ತಾ ಅಂತ ನೋಡುವುದು) ಮಾಡಿಸುವುದು ಕಡ್ಡಾಯ. ಸರ್ಟಿಫಿಕೇಟ್ ತಾರೀಖು ಮುಗಿದಿದ್ದರೆ ಬಂಕಿನಲ್ಲಿ ಗ್ಯಾಸ್ ಹಾಕಬಾರದು. ನನ್ನದು ಕಳೆದ ವರ್ಷ ಆಯಿತು. ಸಿಲಿಂಡರ್ ಟೆಸ್ಟಿಗೆ ಹೋಗಿರುವಷ್ಟು ದಿನ ಪೆಟ್ರೋಲ್‌ನಲ್ಲೇ ಓಡಿಸಬೇಕಾಗುತ್ತೆ, ಸೀಸನ್ ಇಲ್ಲದ ತಿಂಗಳು ನೋಡಿ ಬಿಡಿ. ಪೆಟ್ರೋಲ್ ಟ್ಯಾಂಕನ್ನೂ ಪೂರ್ತಿ ಒಣಗಿಸಬೇಡಿ, ಗ್ಯಾಸ್ ತೀರಿ ಭರಮಸಾಗರದ ಹತ್ತಿರ ನಿಂತರೆ ಕೈಹಿಡಿಯುವುದು ಅದೇ.

ಊರೊಳಗೆ ಮಾತ್ರ ಓಡಾಡುವವರು, ವಾರಕ್ಕೊಮ್ಮೆ ಹರಿಹರಕ್ಕೆ ಹೋಗಿಬರುವವರು ಪೆಟ್ರೋಲ್ ಕಾರನ್ನೇ ತಗೊಳ್ಳಿ, ಹೆಚ್ಚಿಗೆ ಕೊಟ್ಟ ಲಕ್ಷ ವಾಪಸ್ ಬರುವುದಿಲ್ಲ. ನನ್ನ ಹಾಗೆ ದುಡಿಮೆಗೇ ಓಡಾಡುವವರಿಗೆ ಧೈರ್ಯವಾಗಿ ಹೇಳುತ್ತೇನೆ, ತಗೊಳ್ಳಿ. ನಾನೂ ಮುಂದಿನ ಸಲ ಸಿಎನ್‌ಜಿಯನ್ನೇ ತಗೊಳ್ಳುವುದು, ಆದರೆ ಟಾಟಾದವರು 2023ರಲ್ಲಿ ತಂದ ಹಾಗೆ ಡಿಕ್ಕಿಯ ಅಡಿಯಲ್ಲಿ ಎರಡು ಸಣ್ಣ ಸಿಲಿಂಡರ್ ಇರುವಂಥದ್ದು. ಬಂಕಿನವರಲ್ಲಿ ನನ್ನದೊಂದು ಬೇಡಿಕೆ: ದರದ ಬೋರ್ಡಿನ ಕೆಳಗೆ ಈಗಿನ ಪ್ರೆಷರ್ ಎಷ್ಟು, ಮುಂದಿನ ಲೋಡ್ ಎಷ್ಟು ಹೊತ್ತಿಗೆ ಅಂತ ಸೀಮೆಸುಣ್ಣದಲ್ಲಾದರೂ ಬರೆದು ಹಾಕಿ. ಸಾಲಿನಲ್ಲಿ ನಿಲ್ಲಬೇಕೋ ಬೇಡವೋ ನಾವೇ ನೋಡಿಕೊಳ್ಳುತ್ತೇವೆ.