ವಿಂಡೋಸ್ 11ರಲ್ಲಿ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್: ಯಾವುದನ್ನು ನೆಚ್ಚಬಹುದು?

ಊಟಕ್ಕೋ ಮೀಟಿಂಗಿಗೋ ಎದ್ದು ಹೋಗುವಾಗ ಸ್ಲೀಪ್ ಸಾಕು. ತೆರೆದಿಟ್ಟ ಕೆಲಸವೆಲ್ಲ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುವುದರಿಂದ ಕೆಲವೇ ಸೆಕೆಂಡಿನಲ್ಲಿ ಪರದೆ ಮರಳುತ್ತದೆ. ಆದರೆ ಡೆಸ್ಕ್‌ಟಾಪಿಗೆ ಕರೆಂಟ್ ಹೋದರೆ ಸೇವ್ ಮಾಡದ ಫೈಲ್ ಹೋಗಿಬಿಡಬಹುದು.

ಲ್ಯಾಪ್‌ಟಾಪಿನ ಸ್ಲೀಪ್‌ಗೆ ಮಾತ್ರ ಪೂರ್ಣ ಅಂಕ ಕೊಡಲಾಗದು. ಹೊಸ ಯಂತ್ರಗಳು ಬಹಳಷ್ಟರಲ್ಲಿ ಹಳೆಯ ಎಸ್3 (ಪೂರ್ಣ ನಿದ್ದೆಯ ವಿಧಾನ) ಬದಲು ಮಾಡರ್ನ್ ಸ್ಟ್ಯಾಂಡ್‌ಬೈ ಇದೆ. ಅದು ಅರೆನಿದ್ದೆ, ಹಿನ್ನೆಲೆ ಕೆಲಸಗಳಿಗಾಗಿ ಆಗಾಗ ಎಚ್ಚರಾಗುತ್ತದೆ. ಯಾವುದೋ ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಮಲಗಲು ಬಿಡದಿದ್ದರೆ ಬ್ಯಾಗಿನೊಳಗೇ ಯಂತ್ರ ಬಿಸಿಯಾಗಿ ಬ್ಯಾಟರಿ ಬರಿದಾಗುತ್ತದೆ.

ಹಾಗಾಗಿ ಬ್ಯಾಗಿಗೆ ಹಾಕುವ ಮುನ್ನ ಹೈಬರ್ನೇಟ್ ಮಾಡಿ. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದು ಯಂತ್ರ ಆರಿಹೋಗುತ್ತದೆ. ಇಷ್ಟು ಒಳ್ಳೆಯ ಸೌಲಭ್ಯ ಸಾಮಾನ್ಯವಾಗಿ ಮೆನುವಿನಲ್ಲಿ ಕಾಣುವುದೇ ಇಲ್ಲ, ಅದೇ ಬೇಸರ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ತೆರೆದು, 'ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನವೈಲಬಲ್' ಒತ್ತಿ, ಹೈಬರ್ನೇಟ್‌ಗೆ ಟಿಕ್ ಹಾಕಿ. ಡಿಸ್ಕ್‌ನಲ್ಲಿ ಕೆಲವು ಜಿಬಿ ಜಾಗ ಹಿಡಿಯುತ್ತದೆ.

ಇನ್ನು ಶಟ್‌ಡೌನ್. ಯಂತ್ರ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಕರ್ನಲ್‌ನ, ಅಂದರೆ ವಿಂಡೋಸ್‌ನ ತಿರುಳಿನ, ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮತ್ತೆ ಅದೇ ಲೋಡ್ ಆಗುತ್ತದೆ. 2012ರ ವಿಂಡೋಸ್ 8ರಿಂದ ಹೀಗೇ. ಡ್ರೈವರ್ ತೊಂದರೆ ಶಟ್‌ಡೌನ್ ಮಾಡಿದರೂ ಹೋಗದಿರುವುದು ಇದರಿಂದಲೇ. ಅದಕ್ಕೆ ರೀಸ್ಟಾರ್ಟ್ ಮಾಡಿ, ಇಲ್ಲವೇ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ಕಿಸಿ. ಅದೇ ಯಂತ್ರದಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಇದ್ದರೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು. ಇಲ್ಲವಾದರೆ ಅಲ್ಲಿಂದ ವಿಂಡೋಸ್ ಡ್ರೈವ್‌ಗೆ ಬರೆಯುವುದು ಅಪಾಯ.