ನಮ್ಮ ಲಕ್ಕಿ ಸೊಪ್ಪು, ಅವರ ಲ್ಯಾಬು: ಐದಕ್ಕೆ ಮೂರೂವರೆ

ಮಲೆನಾಡಿನ ಸಣ್ಣ ಊರಿನ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮಲ್ಲಿ ಸಾರ ತೆಗೆಯುವ ಸಾಕ್ಸ್‌ಲೆಟ್ ಇದೆ, ಬ್ಯಾಕ್ಟೀರಿಯಾ ಬೆಳೆಸುವ ವ್ಯವಸ್ಥೆ ಇಲ್ಲ. ಹಾಗಾಗಿ ಈ ವರ್ಷದ ಪ್ರಾಜೆಕ್ಟಿಗೆ ಬೆಂಗಳೂರಿನ ಒಂದು ಖಾಸಗಿ ಲ್ಯಾಬ್ ಹಿಡಿದೆವು. ಹೆಸರು ಬೇಡ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಬ್ಯಾಕ್ಟೀರಿಯಾ ತಡೆಯುತ್ತದೆಯೇ ಅಂತ ನೋಡಲು ಕಳಿಸಿದ್ದು ಲಕ್ಕಿ ಸೊಪ್ಪಿನ ಸಾರ. ಬಾಣಂತಿ ಸ್ನಾನದ ನೀರಿಗೆ ಹಾಕುತ್ತಾರಲ್ಲ, ಅದೇ. ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಒಂದು ಸಾರ ಮೆಥನಾಲಿನಲ್ಲಿ, ಇನ್ನೊಂದು ನೀರಿನಲ್ಲಿ ತೆಗೆದಿದ್ದೆವು. ಮೆಥನಾಲ್ ಹಾರಿದ ಮೇಲೆ ಉಳಿದದ್ದು ಕಡುಹಸಿರು ಅಂಟು, ಬೆಲ್ಲದ ಪಾಕದ ಹಾಗೆ ಎಳೆಎಳೆ. ಚಮಚಕ್ಕೆ ಹತ್ತಿದ್ದು ಬಿಡಲೇ ಇಲ್ಲ.

ಸ್ಯಾಂಪಲ್‌ಗೆ 1,200 ರೂಪಾಯಿ, ಜಿಎಸ್‌ಟಿ ಬೇರೆ. ಹತ್ತು ದಿನ ಅಂದವರು ಒಂಬತ್ತನೇ ದಿನಕ್ಕೇ ರಿಪೋರ್ಟ್ ಕಳಿಸಿದರು. ಅಗರ್ ಅನ್ನುವ ಜೆಲ್ಲಿ ಮೇಲೆ ಬ್ಯಾಕ್ಟೀರಿಯಾ ಹರಡಿ, ನಡುವೆ ವೆಲ್ (ಚಿಕ್ಕ ಗುಂಡಿ) ಕೊರೆದು ಸಾರ ಹಾಕುತ್ತಾರೆ; ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಉಂಗುರದ ಅಗಲ ಅಳೆಯುತ್ತಾರೆ. ಮೆಥನಾಲ್ ಸಾರಕ್ಕೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಮೇಲೆ 17 ಮಿ.ಮೀ., ಇ. ಕೋಲಿ ಮೇಲೆ 15. ಹುಡುಗಿಯರು ಕುಣಿದಾಡಿದರು. ನನಗೆ ಇ. ಕೋಲಿ ಅಂಕಿ ಯಾಕೋ ಸರಿ ಕಾಣಲಿಲ್ಲ. ಅದಕ್ಕೆ ಹೊರಗಡೆ ಇನ್ನೊಂದು ಪೊರೆ ಇರುತ್ತದೆ, ಸೊಪ್ಪಿನ ಸಾರಕ್ಕೆ ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ರಿಪೋರ್ಟ್ ಮತ್ತೆ ತಿರುವಿ ಹಾಕಿದೆ. ಸಾಲ್ವೆಂಟ್ ಕಂಟ್ರೋಲ್, ಅಂದರೆ ಸಾರವಿಲ್ಲದೆ ಬರೀ ಕರಗಿಸುವ ದ್ರವ ಹಾಕಿ ನೋಡಿದ್ದು, ಅನ್ನುವ ಸಾಲೇ ಇಲ್ಲ!

ಫೋನ್ ಮಾಡಿದೆ. ಅಂಟನ್ನು ಕರಗಿಸಿದ್ದು ಮೆಥನಾಲಿನಲ್ಲೇ ಅಂತೆ. ಬರೀ ಮೆಥನಾಲ್ ಹಾಕಿದ ವೆಲ್ ಇಟ್ಟಿರಲಿಲ್ಲವಂತೆ. ಹಾಗಾದರೆ ಬ್ಯಾಕ್ಟೀರಿಯಾ ತಡೆದದ್ದು ಲಕ್ಕಿಯೋ, ಮೆಥನಾಲೋ? "ಅದನ್ನೆಲ್ಲ ಯಾರೂ ಕೇಳಲ್ಲ ಮೇಡಂ" ಅಂದರು. ಕಡಿಮೆಯಾದ ಒಂದೂವರೆ ಮಾರ್ಕು ಈ ಮಾತಿಗೆ.

ಆದರೆ ಜಗಳ ಆಡದೆ, ದುಡ್ಡು ಕೇಳದೆ ಮತ್ತೆ ಮಾಡಿಕೊಟ್ಟರು. ಈ ಸಲ ಇನ್ನೊಂದು ದ್ರಾವಕವಾದ ಡಿಎಂಎಸ್‌ಒನಲ್ಲಿ ಕರಗಿಸಿ, ಬರೀ ಡಿಎಂಎಸ್‌ಒಗೆ ಒಂದು ವೆಲ್ ಇಟ್ಟು, ಜೊತೆಗೆ ಹೋಲಿಕೆಗೆ ಆಂಟಿಬಯೋಟಿಕ್ ಆದ 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಸಿನ್ ಡಿಸ್ಕ್. ಸ್ಕೇಲ್ ಇಟ್ಟು ತೆಗೆದ ಪ್ಲೇಟಿನ ಫೋಟೊಗಳೂ ವಾಟ್ಸಾಪಿಗೆ ಬಂದವು. ಮುಲ್ಲರ್ ಹಿಂಟನ್ ಅಗರ್ ಮೇಲೆ ಬ್ಯಾಕ್ಟೀರಿಯಾದ ಮಸುಕು ಹಾಸು, ನಡುವೆ ಹಸಿರು ತುಂಬಿದ ವೆಲ್, ಸುತ್ತ ತೆಳ್ಳಗೆ ಒಂದು ತಿಳಿ ಉಂಗುರ. ಆರಿಯಸ್‌ಗೆ 12 ಮಿ.ಮೀ., ಅದರಲ್ಲಿ 6 ವೆಲ್ಲಿನ ಅಗಲವೇ. ಡಿಸ್ಕ್ ಸುತ್ತ 26. ಇ. ಕೋಲಿಗೆ ನಮ್ಮ ಸಾರ ಏನೂ ಮಾಡಿಲ್ಲ. ಬರೀ ಡಿಎಂಎಸ್‌ಒಗೂ ಉಂಗುರವಿಲ್ಲ, ನೀರಿನ ಸಾರಕ್ಕೂ ಇಲ್ಲ.

"ಹಾಗಾದ್ರೆ ನಮ್ಮಜ್ಜಿ ಹಾಕೋದು ಸುಮ್ನೆನಾ ಮಿಸ್?" ಅಂದಳು ಒಬ್ಬಳು. ಅಜ್ಜಿ ಹಾಕೋದು ಮೈಕೈ ನೋವಿಗೆ ಕಣೇ, ಬ್ಯಾಕ್ಟೀರಿಯಾಗಲ್ಲ ಅಂದೆ.

ನೀವು ಎಲ್ಲಿಗೆ ಕೊಟ್ಟರೂ ದುಡ್ಡು ಕಟ್ಟುವ ಮೊದಲು ಈಮೇಲಿನಲ್ಲಿ ಬರೆಸಿಕೊಳ್ಳಿ: ಯಾವುದರಲ್ಲಿ ಕರಗಿಸುತ್ತೀರಿ, ಅದರ ಕಂಟ್ರೋಲ್ ಇಡುತ್ತೀರಾ, ಒಂದು ವೆಲ್‌ಗೆ ಎಷ್ಟು ಮಿಲಿಗ್ರಾಂ. ಉಂಗುರದ ಅಗಲವೊಂದನ್ನೇ ನಂಬಬೇಡಿ, ಸಾರ ಅಗರ್‌ನಲ್ಲಿ ಎಷ್ಟು ಹರಡುತ್ತದೆ ಅನ್ನುವುದರ ಮೇಲೂ ಅದು ನಿಂತಿದೆ. ಎಂಐಸಿ (ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಸಾರ ಬೇಕು ಅನ್ನುವ ಪರೀಕ್ಷೆ) ಮಾಡಿಸಿದರೆ ಸರಿ. ಅದಕ್ಕೆ 3,500 ಅಂದಿದ್ದಾರೆ. ಫೈಲ್ ಪ್ರಿನ್ಸಿಪಾಲರ ಟೇಬಲ್ ಮೇಲಿದೆ. ಸಹಿ ಬಿದ್ದರೆ ಅದೇ ಲ್ಯಾಬಿಗೇ ಕಳಿಸುತ್ತೇನೆ.