ಟೈರು ಮೂರು, ಗಾಳಿಯ ಲೆಕ್ಕ ನೂರು

ಸೈಕಲ್ಲಿಗೆ ಯಾವ ಟೈರು ಹಾಕಿಸಲಿ ಎಂದು ಕೇಳುವವರು ಬಹಳ, ಅದಕ್ಕೆ ಎಷ್ಟು ಗಾಳಿ ಹೊಡೆಯಲಿ ಎಂದು ಕೇಳುವವರು ವಿರಳ. ಒಂದೇ ಸೈಕಲ್ಲಿಗೆ ಮೂರು ಬಗೆಯ ಟೈರು ಬದಲಿಸಿ ಬದಲಿಸಿ ಓಡಿಸಿದ ಮೇಲೆ, ನನಗಂತೂ ಎರಡನೆಯ ಪ್ರಶ್ನೆಯೇ ದೊಡ್ಡದೆನಿಸಿದೆ. ಮೂರೂ 622 ಮಿ.ಮೀ. ರಿಮ್ಮಿಗೆ ಕೂರುವಂಥವು. ಒಂದು 28 ಮಿ.ಮೀ. ಅಗಲದ ನುಣುಪು ಟೈರು. ಇನ್ನೊಂದು 40 ಮಿ.ಮೀ.ನದು, ನಡುವೆ ಸಣ್ಣ ಗೀರು, ಅಂಚಿನಲ್ಲಿ ಪುಟ್ಟ ಗುಬುಟು. ಮೂರನೆಯದು 45 ಮಿ.ಮೀ., ಮೈತುಂಬ ಗುಬುಟು. ನನ್ನ ತೂಕ 70 ಕಿಲೊ ಆಸುಪಾಸು. ಮುಂದೆ ಬರುವ ಅಂಕಿಗಳು ಆ ತೂಕಕ್ಕೆ ಹೊಂದುವಂಥವು. ಭಾರ ಹೆಚ್ಚಿದ್ದವರು, ಹಿಂದೆ ಚೀಲ ಕಟ್ಟಿಕೊಂಡವರು ಒಂದಿಷ್ಟು ಏರಿಸಿಕೊಳ್ಳಬೇಕು.

ಡಾಂಬರಿನ ಮೇಲೆ 28 ಮಿ.ಮೀ. ಟೈರೇ ಮುಂದು, ಅದರಲ್ಲಿ ಅನುಮಾನವಿಲ್ಲ. ಎದ್ದುನಿಂತು ಪೆಡಲ್ ತುಳಿದರೆ ತಕ್ಷಣ ಓಗೊಡುತ್ತದೆ. ಆದರೆ ಅದಕ್ಕೆ 100 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ತುಂಬಿ ಕಲ್ಲಿನಂತೆ ಬಿಗಿಮಾಡುವ ಹಳೆಯ ರೂಢಿಗೆ ನನ್ನ ಒಪ್ಪಿಗೆಯಿಲ್ಲ. ಅಷ್ಟು ಗಾಳಿಯಲ್ಲಿ ಅಂಗೈ ಜುಮ್ಮೆನ್ನುತ್ತದೆ, ಆ ನಡುಕವೇ ವೇಗವೆಂಬ ಭ್ರಮೆ ಹುಟ್ಟುತ್ತದೆ. ಇಳಿಜಾರಿನ ಒಂದೇ ಜಾಗದಿಂದ, ಒಂದೇ ಭಂಗಿಯಲ್ಲಿ, ಪೆಡಲ್ ತುಳಿಯದೆ ಬಿಟ್ಟು ಸೈಕಲ್ಲು ಎಲ್ಲಿಯವರೆಗೆ ಉರುಳುತ್ತದೆಂದು ನೋಡಿದೆ. ನುಣುಪು ಡಾಂಬರಿನಲ್ಲಿ 100ಕ್ಕೂ 70ಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಜಲ್ಲಿ ಮೇಲೆದ್ದ ಹಳೆಯ ಡಾಂಬರಿನಲ್ಲಿ 70 ಪಿಎಸ್‌ಐ ಚಕ್ರವೇ ಮುಂದೆ ಹೋಯಿತು. ಗಟ್ಟಿ ಟೈರು ಪ್ರತಿ ಉಬ್ಬಿಗೂ ಪುಟಿದು ಸೈಕಲ್ಲನ್ನೂ ಸವಾರನನ್ನೂ ಮೇಲೆತ್ತುತ್ತದೆ. ಹಾಗೆ ಎತ್ತಲು ಖರ್ಚಾಗುವುದು ಮುಂದಕ್ಕೆ ಸಾಗಬೇಕಿದ್ದ ಬಲವೇ. ಈಗ ಹಿಂದೆ 72, ಮುಂದೆ 67ಕ್ಕೆ ನಿಲ್ಲಿಸುತ್ತೇನೆ. ಮಳೆಯಲ್ಲಿ ಇನ್ನೈದು ಇಳಿಸುತ್ತೇನೆ. ನುಣುಪು ಟೈರು ನೀರಿನ ಮೇಲೆ ತೇಲಿ ಜಾರುತ್ತದೆ ಎಂಬ ಹೆದರಿಕೆ ಕಾರಿನ ಅಗಲ ಟೈರಿಗೆ, ಕಾರಿನ ವೇಗಕ್ಕೆ ಸಲ್ಲುವ ಮಾತು. ಸೈಕಲ್ಲಿನ ದುಂಡನೆಯ ಟೈರು ನೀರನ್ನು ಸೀಳಿಕೊಂಡೇ ಹೋಗುತ್ತದೆ. ರಸ್ತೆಗೆ ಬಳಿದ ಬಿಳಿ ಪಟ್ಟೆ, ಒದ್ದೆ ಕಬ್ಬಿಣದ ಮುಚ್ಚಳಗಳ ಮೇಲೆ ಮಾತ್ರ ಮೂರೂ ಟೈರು ಜಾರುತ್ತವೆ.

ಇದೇ ಡಾಂಬರಿನಲ್ಲಿ 45 ಪಿಎಸ್‌ಐ ತುಂಬಿದ 40 ಮಿ.ಮೀ. ಟೈರು ನಾನೆಣಿಸಿದಷ್ಟು ಹಿಂದೆ ಬೀಳಲಿಲ್ಲ. ಗುಬುಟಿನದು ಗುಂಯ್‌ಗುಡುತ್ತದೆ, ಎಳೆಯುತ್ತದೆ, ತಿರುವಿನಲ್ಲಿ ಗುಬುಟುಗಳು ಬಾಗಿ ಸೈಕಲ್ಲು ತೊನೆಯುತ್ತದೆ. ಡಾಂಬರಿಗೆ ಅದು ಬೇಡ.

ಜಲ್ಲಿ, ಗಟ್ಟಿ ಮಣ್ಣಿನ ಹಾದಿಗೆ ಬಂದರೆ ಆಟ ಬದಲಾಗುತ್ತದೆ. 28 ಮಿ.ಮೀ. ಟೈರು 70ರಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ. ಗಾಳಿ ಇಳಿಸಿದರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. 40 ಮಿ.ಮೀ. ಟೈರಿಗೆ 45ರಿಂದ ಶುರುಮಾಡಿ, ಅದೇ ಹಾದಿಯಲ್ಲಿ ವಾಲ್ವ್ ಒತ್ತಿ ಒತ್ತಿ ಸ್ವಲ್ಪಸ್ವಲ್ಪವೇ ಗಾಳಿ ಬಿಡುತ್ತ ಹೋದೆ. 45ರಲ್ಲಿ ಏರು ಹತ್ತುವಾಗ ಹಿಂಚಕ್ರ ಹಿಡಿತ ಸಿಗದೆ ಸುಮ್ಮನೆ ತಿರುಗಿತು. 40ರಲ್ಲಿ ಪರವಾಗಿಲ್ಲ. 35ಕ್ಕೆ ಇಳಿದದ್ದೇ ಹ್ಯಾಂಡಲ್ಲಿನ ಗಲಾಟೆ ನಿಂತುಹೋಯಿತು, ಟೈರು ಕಲ್ಲುಗಳನ್ನು ಅಪ್ಪಿಕೊಂಡು ಸಾಗತೊಡಗಿತು. 27ರಲ್ಲಿ ರಿಮ್ಮು ಟಣ್ ಎಂದಿತು. ಅಲ್ಲಿಗೆ ಹಿಂದೆ 35, ಮುಂದೆ 31 ಎಂದು ಗೊತ್ತುಮಾಡಿಕೊಂಡೆ. ಭಾರ ಹೆಚ್ಚು ಬೀಳುವುದು ಹಿಂಚಕ್ರದ ಮೇಲಾದ್ದರಿಂದ ಮುಂದೆ ಕಡಿಮೆ ಸಾಕು. 70ರಲ್ಲಿ ಐದು ಕಳೆದರೆ ಹದಿನಾಲ್ಕನೇ ಒಂದು ಪಾಲು, 35ರಲ್ಲಿ ಕಳೆದರೆ ಏಳನೇ ಒಂದು ಪಾಲು. ಅಗಲ ಟೈರಿನವರು ಗಾಳಿಯ ಒಂದೊಂದು ಅಂಕಿಯನ್ನೂ ಜಿಪುಣರಂತೆ ಎಣಿಸಬೇಕು ಎನ್ನುವುದು ಇದಕ್ಕೇ. ನೆಲದ ಮೇಲಿಡುವ ಪಂಪಿನ ಮುಳ್ಳು 160ರವರೆಗೆ ಓಡುವಂಥದು. 30ರ ಹತ್ತಿರ ಅದನ್ನು ನಂಬುವಂತಿಲ್ಲ. ಕಡಿಮೆ ಒತ್ತಡಕ್ಕೆಂದೇ ಬರುವ ಪುಟ್ಟ ಮಾಪಕವನ್ನು ಬೇರೆಯಾಗಿ ಇಟ್ಟುಕೊಳ್ಳುವುದು ವಾಸಿ.

ಗಾಳಿ ಹದವಾಗಿದ್ದ 40 ಮಿ.ಮೀ. ಟೈರಿನ ಮುಂದೆ ಗುಬುಟಿನ 45 ಮಿ.ಮೀ.ನದು ಗಟ್ಟಿ ನೆಲದಲ್ಲಿ ಹೆಚ್ಚೇನೂ ಸಾಧಿಸಲಿಲ್ಲ. ಸಡಿಲ ಜಲ್ಲಿಯ ತಿರುವಿನಲ್ಲಿ ಮಾತ್ರ ಅದರ ಅಂಚಿನ ಗುಬುಟುಗಳು ನೆಲ ಕಚ್ಚಿ ನಿಂತವು. ಕೆಸರಿನಲ್ಲಿ, ಹಿಂದೆ 28 ಮುಂದೆ 25 ಪಿಎಸ್‌ಐ ಇಟ್ಟರೆ, ಅದಕ್ಕೆ ಎದುರಾಳಿಯೇ ಇಲ್ಲ. ಅಂಟು ಮಣ್ಣಾದರೆ ಯಾವ ಟೈರೂ ಆಗದು, ಇಳಿದು ಹೊತ್ತುಕೊಂಡು ನಡೆಯಬೇಕು.

28 ಮಿ.ಮೀ. ಟೈರಿಗೆ ಟ್ಯೂಬು ಹಾಕಿದ್ದೇನೆ, ಉಳಿದೆರಡು ಟ್ಯೂಬ್‌ಲೆಸ್. ಮುಳ್ಳು ಕಿತ್ತಾಗ ತೂತು ಮುಚ್ಚಲೆಂದೇ ಟೈರಿನೊಳಗೆ ಸುರಿದ ಹಾಲಿನಂಥ ದ್ರವ, ಸೀಲಂಟ್, ತೂತಿನಿಂದ ನೊರೆನೊರೆಯಾಗಿ ಉಕ್ಕುತ್ತದೆ, ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಹೆಪ್ಪುಗಟ್ಟುತ್ತದೆ. ಹೆಚ್ಚು ಗಾಳಿಯ ಸಣ್ಣ ಟೈರಿನಲ್ಲಿ ಆ ಕೆಲಸ ಇಷ್ಟು ಸಲೀಸಾಗಿ ಆಗುವುದಿಲ್ಲ. ಸೀಲಂಟ್ ಕೆಲವು ತಿಂಗಳಿಗೆ ಒಣಗುತ್ತದೆ, ಮತ್ತೆ ಸುರಿಯುವ ರಗಳೆ ಇದ್ದದ್ದೇ. ಟೈರಿನ ಮಗ್ಗುಲಲ್ಲಿ ಅಚ್ಚೊತ್ತಿದ ಗರಿಷ್ಠ ಅಂಕಿ ಮೀರಬಾರದ ಗೆರೆ, ಮುಟ್ಟಬೇಕಾದ ಗುರಿಯೇನಲ್ಲ. ಟೈರಿನಂಚನ್ನು ಹಿಡಿದಿಡುವ ಕೊಕ್ಕೆಯಂಚಿಲ್ಲದ ಹೊಸ ಬಗೆಯ ರಿಮ್ಮಿದ್ದರೆ 72.5 ಪಿಎಸ್‌ಐ, ಅಂದರೆ 5 ಬಾರ್, ದಾಟಲೇಕೂಡದು.

ಡಾಂಬರೂ ಮಣ್ಣೂ ಬೆರೆತ ಹಾದಿಗೆ ನಾನೀಗ ಜೋಡಿಯನ್ನೇ ಒಡೆದಿದ್ದೇನೆ: ಮುಂದೆ ಗುಬುಟಿನ 45 ಮಿ.ಮೀ., ಹಿಂದೆ 40 ಮಿ.ಮೀ. ಟೈರು. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂಚಕ್ರ ಜಾರಿದರೆ ನೆಲವೇ ಗತಿ. ಹಾಗಾಗಿ ಹಿಡಿತ ಮುಂದಕ್ಕೆ, ಹಗುರ ಓಟ ಹಿಂದಕ್ಕೆ. ಮನೆಯಿಂದ ಹೊರಡುವಾಗ ಗಾಳಿ ಹಿಂದೆ 40, ಮುಂದೆ 32 ಪಿಎಸ್‌ಐ. ಮಣ್ಣು ಶುರುವಾಗುವಲ್ಲಿ ನಿಂತು ಎರಡರಲ್ಲೂ ಐದೈದು ಬಿಡುತ್ತೇನೆ. ಮರಳುವಾಗ ತುಂಬಿಕೊಳ್ಳಲು ಕೈಪಂಪು ಚೌಕಟ್ಟಿಗೇ ಕಟ್ಟಿದೆ.